ಚಪ್ಪಾಳೆ ತಟ್ಟಿದವರು ಯಾರನ್ನು ನಂಬಿದ್ದಾರೆ?

2025ರ ಏಪ್ರಿಲ್ 14, ಸೋಮವಾರ. ಅಂಬೇಡ್ಕರ್ ಜಯಂತಿಯಾದ್ದರಿಂದ ಹೊಸಪೇಟೆಯ ನಮ್ಮ ಓಣಿಯ ತುಂಬ ನೀಲಿ ಬಾವುಟ. ಹಂಪಿಯ ಚೈತ್ರದ ತೇರು ಆಗಷ್ಟೇ ಮುಗಿದಿತ್ತು. ಓಣಿಯ ತುದಿಯ ಮಿರ್ಚಿ ಬಂಡಿಯವನ ಮಗ ಜಾತ್ರೆಯಲ್ಲಿ ಹಟ ಹಿಡಿದು ಕೊಡಿಸಿಕೊಂಡ ಪ್ಲಾಸ್ಟಿಕ್ ಪಿಸ್ತೂಲನ್ನು ಗಿರಾಕಿಗಳ ಬೆನ್ನಿಗೆ ಗುರಿಯಿಟ್ಟು ‘ಡಿಶುಂ’ ಅನ್ನುತ್ತಿದ್ದ. ಅಪ್ಪ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತ, ಪಕ್ಕದ ಸ್ಟೂಲಿನ ಮೇಲಿದ್ದ ಪತ್ರಿಕೆಯತ್ತ ಗದ್ದ ತೋರಿಸಿದ. ‘ಓದಿದ್ರಾ? ಛಲೋ ಮಾಡ್ಯಾರ ನೋಡ್ರಿ. ಕೋರ್ಟು ಕಚೇರಿ ಅಂದ್ರ ಹತ್ತು ವರ್ಷ. ಒಂದು ಗುಂಡು, ಮುಗೀತು.’

ಒಗ್ಗರಣಿ ತಿನ್ನುತ್ತಿದ್ದ ನಾಲ್ಕೈದು ಮಂದಿ ಹೌದೆಂದು ತಲೆಯಾಡಿಸಿದರು. ಹಿಂದಿನ ದಿನ ಹುಬ್ಬಳ್ಳಿಯಲ್ಲಿ ಐದು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಹೋಗಿ ಕೊಲೆ ಮಾಡಲಾಗಿತ್ತು. ಕೊಪ್ಪಳ ಜಿಲ್ಲೆಯಿಂದ ದುಡಿಯಲು ಹೋದ ಬಡ ಕುಟುಂಬದ ಮಗು. ಬಿಹಾರದವನೆಂದು ಹೇಳಲಾದ ಆರೋಪಿ ಅಂದೇ ಸಿಕ್ಕಿಬಿದ್ದ, ಅಂದೇ ಪೊಲೀಸರ ಗುಂಡಿಗೆ ಸತ್ತ. ಅವನ ಗುರುತು, ವಾಸದ ಜಾಗ ಪತ್ತೆ ಮಾಡಲು ಕರೆದೊಯ್ದಾಗ ಪೊಲೀಸರ ಮೇಲೆ ಕಲ್ಲು ತೂರಿ ಓಡಲು ನೋಡಿದ, ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ನಿಲ್ಲಲಿಲ್ಲ, ಆಗ ಮಹಿಳಾ ಪಿಎಸ್‌ಐ ಒಬ್ಬರು ಗುಂಡು ಹಾರಿಸಬೇಕಾಯಿತು ಎಂಬುದು ಇಲಾಖೆಯ ಹೇಳಿಕೆ. ಸಂಜೆಯೊಳಗೆ ನಾಡಿನ ತುಂಬ ಜೈಕಾರ ಎದ್ದಿತು. ಪಕ್ಷ ಯಾವುದಾದರೂ ಸರಿ, ಮೆಚ್ಚುಗೆಯ ಮಾತಿಗೆ ರಾಜಕಾರಣಿಗಳು ಸಾಲುಗಟ್ಟಿದರು.

ಆ ಮಗುವಿನ ಬಗ್ಗೆ ಬರೆಯಲು ಕೈ ಏಳುವುದಿಲ್ಲ. ತಂದೆತಾಯಿಗೆ ಆ ಕ್ಷಣ ಏನನ್ನಿಸಿತೋ ಅದನ್ನು ತೂಗುವ ಹಕ್ಕು ನನಗಿಲ್ಲ. ನನ್ನ ಜಗಳ ಅವರ ಜೊತೆಗಲ್ಲ, ಬಂಡಿಯ ಸುತ್ತ ತಲೆಯಾಡಿಸಿದವರ ಜೊತೆಗೆ. ಅಂದು ಸುಮ್ಮನೆ ಒಗ್ಗರಣಿ ತಿಂದು ಎದ್ದುಬಂದ ನನ್ನ ಜೊತೆಗೂ.

ಪೊಲೀಸರ ಹೇಳಿಕೆಯನ್ನು ಇನ್ನೊಮ್ಮೆ ಓದಿ. ಹಿಡಿದ ಆರೋಪಿ ಕೈತಪ್ಪಿ ಓಡಿದ, ಜೀವಂತ ಹಿಡಿಯಲು ಆಗಲಿಲ್ಲ, ಬೇರೆ ದಾರಿ ಕಾಣದೆ ಗುಂಡು ಹಾರಿತು, ಅವನು ಸತ್ತ. ಇದು ಪೂರ್ತಿ ನಿಜವೇ ಆಗಿದ್ದರೆ ಅದೊಂದು ಅವಘಡ. ಕಷ್ಟಪಟ್ಟು ಹಿಡಿದವನು ಬಾಯಿ ಬಿಡುವ ಮೊದಲೇ ಹೋದ ಎಂದು ಪೊಲೀಸರು ಕೈ ಹಿಸುಕಿಕೊಳ್ಳಬೇಕಾದ ಸಂಗತಿ. ಅದಕ್ಕೆ ಹೂವಿನ ಹಾರ ಯಾಕೆ? ‘ಛಲೋ ಮಾಡ್ಯಾರ’ ಅನ್ನುವವನು ಹೇಳುತ್ತಿರುವುದು ಬೇರೆಯದನ್ನೇ. ಕಲ್ಲು ತೂರಿದ, ಓಡಿದ ಅನ್ನುವುದೆಲ್ಲ ಕಾಗದಕ್ಕೆ ಬೇಕಾದ ಕಥೆ, ಬೇಕೆಂದೇ ಹೊಡೆದರು, ಹೊಡೆದದ್ದೇ ಸರಿ ಎಂಬುದು ಅವನ ಮಾತಿನ ಅರ್ಥ. ಅಂದರೆ ಪೊಲೀಸರ ಹೇಳಿಕೆಯಲ್ಲಿ ಒಂದಕ್ಷರವನ್ನೂ ನಂಬದವನು ಚಪ್ಪಾಳೆ ತಟ್ಟುವವನೇ. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನವರು ಹೇಳಿಕೆಯ ತನಿಖೆಯಾಗಲಿ ಎಂದು ಹೈಕೋರ್ಟಿಗೆ ಹೋದರು. ಅವರಿಗೆ ‘ಅಪರಾಧಿಗಳ ಪರ’ ಎಂಬ ಬಿರುದು ಸಿಕ್ಕಿತು. ಪೊಲೀಸರನ್ನು ಮನಸ್ಸಿನಲ್ಲೇ ಸುಳ್ಳುಗಾರರು ಎಂದುಕೊಂಡು ಹಾರ ಹಾಕಿದವರು ಪೊಲೀಸರ ಅಭಿಮಾನಿಗಳಾದರು.

ಹುಬ್ಬಳ್ಳಿಯ ಆ ಪಿಎಸ್‌ಐ ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಪ್ರಕರಣ ಸಿಐಡಿಗೆ ಹೋಯಿತು, ಅದು ನೋಡಿಕೊಳ್ಳಲಿ. ನಾನು ಹೇಳುವುದು ಇಷ್ಟೇ: ಅವರು ನಿಜ ಹೇಳಿದ್ದರೆ, ಅವರಿಗೆ ಅತಿ ದೊಡ್ಡ ಅವಮಾನ ಮಾಡಿದವರು ಅವರ ಫೋಟೊಕ್ಕೆ ಹಾಲೆರೆದವರು.

ಈ ಹೇಳಿಕೆಗಳು ನಮಗೆಲ್ಲ ಬಾಯಿಪಾಠ. ಹೊತ್ತು ಬಹುಮಟ್ಟಿಗೆ ಬೆಳಗಿನ ಜಾವ, ಜಾಗ ಊರ ಹೊರವಲಯ, ಕಾರಣ ಸ್ಥಳ ಮಹಜರು. ಆರೋಪಿಯ ಕೈಗೆ ಚಾಕುವೋ ಕಲ್ಲೋ ಒಡೆದ ಬಾಟಲಿಯೋ ಸಿಗುತ್ತದೆ. ಒಬ್ಬ ಪೇದೆಗೆ ಸಣ್ಣಪುಟ್ಟ ಗಾಯ. ಗಾಳಿಯಲ್ಲಿ ಒಂದು ಸುತ್ತು, ಕಾಲಿಗೆ ಒಂದು. ಇಬ್ಬರೂ ಆಸ್ಪತ್ರೆಗೆ ದಾಖಲು. ಊರು, ಹೆಸರು ಬದಲಾಯಿಸಿದರೆ ಹೋದ ತಿಂಗಳ ಸುದ್ದಿಯನ್ನೇ ಈ ತಿಂಗಳೂ ಅಚ್ಚು ಹಾಕಬಹುದು. ಉತ್ತರ ಪ್ರದೇಶದಲ್ಲಿ ಇದಕ್ಕೆ ‘ಆಪರೇಷನ್ ಲಂಗಡಾ’ ಅಂತ ಹೆಸರೇ ಬಿದ್ದಿದೆ. ನಮ್ಮಲ್ಲಿ ‘ಕಾಲಿಗೆ ಗುಂಡು’ ಎಂಬ ಎರಡು ಪದ ಟಿವಿಯ ಕೆಂಪು ಪಟ್ಟಿಯಲ್ಲಿ ಓಡಿದರೆ ಸಾಕು, ಉಳಿದದ್ದನ್ನು ನೋಡುಗನೇ ತುಂಬಿಕೊಳ್ಳುತ್ತಾನೆ.

ಹಂಪಿ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ, ಒಪ್ಪೋಣ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಕೊಲೆ, ಅತ್ಯಾಚಾರ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಆರೋಪಿಗಳಿಗೆ ಬಂಧಿಸುವಾಗ ಕೈಕೋಳ ಹಾಕಲು ಪೊಲೀಸರಿಗೆ ಅಧಿಕಾರ ಕೊಟ್ಟಿದೆ. ಶೋಧ, ಜಪ್ತಿಯನ್ನು ಮೊಬೈಲಿನಲ್ಲಾದರೂ ಸರಿ, ಚಿತ್ರೀಕರಿಸಲೇಬೇಕು ಎಂದು 105ನೇ ಕಲಮು ಹೇಳುತ್ತದೆ. ಕೋಳ ಹಾಕಬಹುದಾದ ಆರೋಪಿ, ಸುತ್ತ ನಾಲ್ಕಾರು ಪೊಲೀಸರು, ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇರುವ ಫೋನು. ಮಹಜರಿನ ಮುಂಚೆಯ ಫೋಟೊ ಇರುತ್ತದೆ, ಆಸ್ಪತ್ರೆಯ ಹಾಸಿಗೆಯ ಫೋಟೊ ಇರುತ್ತದೆ. ನಡುವಿನ ಆ ಎರಡು ನಿಮಿಷಕ್ಕೆ ಮಾತ್ರ ಯಾರ ಫೋನಿನಲ್ಲೂ ಚಾರ್ಜ್ ಇರುವುದಿಲ್ಲ.

2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಪಿಯುಸಿಎಲ್ ಮತ್ತು ಮಹಾರಾಷ್ಟ್ರದ ನಡುವಿನ ಪ್ರಕರಣದಲ್ಲಿ ಇಂಥ ಸಾವುಗಳಿಗೆ 16 ನಿಯಮಗಳನ್ನು ಹಾಕಿತು. ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಗುಂಡು ಹಾರಿಸಿದ ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು. ಶೌರ್ಯ ಅನುಮಾನಕ್ಕೆಡೆಯಿಲ್ಲದಂತೆ ಸಾಬೀತಾಗುವವರೆಗೆ ಪದಕ, ಬಡ್ತಿ ಕೂಡದು. ತೀವ್ರ ಗಾಯವಾದ ಪ್ರಕರಣಗಳಿಗೂ ಸಾಧ್ಯವಾದಷ್ಟು ಇವೇ ನಿಯಮಗಳು ಎಂಬ ಮಾತೂ ಆ ತೀರ್ಪಿನಲ್ಲಿದೆ. ಹಾಗಾದರೆ ‘ಕಾಲಿಗೆ ಗುಂಡು’ ಬಿದ್ದಾಗಲೂ ಸ್ವತಂತ್ರ ತನಿಖೆ ಆಗಬೇಕು. ನಮ್ಮ ಭಾಗದಲ್ಲಿ ಅಂಥ ತನಿಖೆಯ ವರದಿಯನ್ನು ಕಣ್ಣಾರೆ ಕಂಡ ಓದುಗರಿದ್ದರೆ ನನಗೂ ಒಂದು ಪ್ರತಿ ಕೊಡಲಿ.

ಇನ್ನು ಪಿಸ್ತೂಲಿನ ಕಥೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 2014ರ ನವೆಂಬರ್ 22ರಂದು ಉದ್ಯಾನದಲ್ಲಿ ಆಟಿಕೆಯ ಪಿಸ್ತೂಲು ಹಿಡಿದಿದ್ದ 12 ವರ್ಷದ ಕಪ್ಪು ಹುಡುಗ ಟಾಮಿರ್ ರೈಸ್‌ನನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಕೈ ಎತ್ತು ಎಂದು ಮೂರು ಸಲ ಹೇಳಿದೆವು ಎಂಬುದು ಅವರ ಹೇಳಿಕೆ. ಉದ್ಯಾನದ ಕ್ಯಾಮೆರಾದಲ್ಲಿ ಕಂಡದ್ದೇ ಬೇರೆ: ಕಾರು ಬಂದು ನಿಂತ ಎರಡೇ ಸೆಕೆಂಡಿನಲ್ಲಿ ಗುಂಡು ಹಾರಿತ್ತು. ಎರಡು ಸೆಕೆಂಡಿನಲ್ಲಿ ಮೂರು ಸಲ ಹೇಳಿ ನೋಡಿ, ನಾಲಿಗೆ ತೊಡರುತ್ತದೆ. ಅಲ್ಲಿ ಆಟಿಕೆಯನ್ನು ಅಸಲಿ ಎಂದು ತಿಳಿದದ್ದು ಒಂದು ಮಾತು. ಹೇಳಿಕೆ ಪೊಳ್ಳು ಎಂದು ತಿಳಿದದ್ದು ದೊಡ್ಡ ಮಾತು. ಕ್ಯಾಮೆರಾ ಇಲ್ಲದಿದ್ದರೆ ಆ ‘ಮೂರು ಸಲ’ವೇ ಇತಿಹಾಸವಾಗುತ್ತಿತ್ತು.

ನಮ್ಮ ದೇಶದಲ್ಲಿ ಬಂದೂಕು ಇನ್ನೊಂದು ದಾರಿಯಿಂದ ಬರುತ್ತದೆ, ಹೆಣ ಬಿದ್ದ ಮೇಲೆ. 1997ರ ಮಾರ್ಚ್ 31ರಂದು ದೆಹಲಿಯ ಕನಾಟ್ ಪ್ಲೇಸಿನಲ್ಲಿ, ಹಗಲು ಹೊತ್ತಿನಲ್ಲಿ, ಯಾರನ್ನೋ ಹುಡುಕುತ್ತಿದ್ದ ಪೊಲೀಸರು ಇಬ್ಬರು ವ್ಯಾಪಾರಿಗಳನ್ನು ಕಾರಿನಲ್ಲೇ ಹೊಡೆದುರುಳಿಸಿದರು. ಕಾರಿನೊಳಗಿಂದ ನಮ್ಮ ಮೇಲೆ ಗುಂಡು ಹಾರಿತು ಎಂದರು. ಕಾರಿನಲ್ಲಿ ಪಿಸ್ತೂಲೂ ಸಿಕ್ಕಿತು. ಅದನ್ನು ಅಲ್ಲಿಟ್ಟವರು ಪೊಲೀಸರೇ ಎಂದು ನ್ಯಾಯಾಲಯ ಕಂಡುಕೊಂಡಿತು. 2007ರಲ್ಲಿ ಒಬ್ಬ ಎಸಿಪಿ ಸೇರಿ ಹತ್ತು ಮಂದಿಗೆ ಶಿಕ್ಷೆಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸತ್ತವರು ದೆಹಲಿಯ ಅನುಕೂಲಸ್ಥರಲ್ಲದೆ ದಿಕ್ಕಿಲ್ಲದ ಕೂಲಿಗಳಾಗಿದ್ದರೆ ಆ ಪಿಸ್ತೂಲು ಇವತ್ತಿಗೂ ಅವರದೇ ಆಗಿರುತ್ತಿತ್ತು.

ಹೈದರಾಬಾದಿನದು ಇನ್ನೂ ಹತ್ತಿರದ್ದು. 2019ರ ಡಿಸೆಂಬರ್ 6ರ ಮುಂಜಾನೆ, ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು ಮಹಜರಿನ ಜಾಗದಲ್ಲಿ ಪೊಲೀಸರ ಪಿಸ್ತೂಲು ಕಿತ್ತುಕೊಂಡರು, ಪ್ರತಿಯಾಗಿ ಹಾರಿದ ಗುಂಡಿಗೆ ಸತ್ತರು ಎಂಬುದು ಹೇಳಿಕೆ. ಆಗ ಸೈಬರಾಬಾದಿನ ಕಮಿಷನರ್ ಆಗಿದ್ದವರು ನಮ್ಮ ಹುಬ್ಬಳ್ಳಿಯ ವಿ.ಸಿ. ಸಜ್ಜನರ. ಅವರ ಊರಿನಲ್ಲಿ ಸಂಭ್ರಮವೋ ಸಂಭ್ರಮ. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದಲ್ಲಿ ಸಿಬಿಐಯ ಮುಖ್ಯಸ್ಥರಾಗಿದ್ದ, ಕರ್ನಾಟಕ ಕೇಡರಿನ ಡಿ.ಆರ್. ಕಾರ್ತಿಕೇಯನ್ ಕೂಡ ಇದ್ದರು. ಪೊಲೀಸರ ಕಷ್ಟ ಗೊತ್ತಿಲ್ಲದವರ ಆಯೋಗ ಅದಲ್ಲ. 2022ರ ಮೇ ತಿಂಗಳಲ್ಲಿ ಹೊರಬಿದ್ದ ವರದಿ ಹೇಳಿದ್ದು ಇದು: ಪಿಸ್ತೂಲು ಕಿತ್ತುಕೊಂಡ ಕಥೆ ನಂಬಲರ್ಹವಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ. ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು. ಹತ್ತು ಪೊಲೀಸರನ್ನು ಕೊಲೆಯ ಆರೋಪದಲ್ಲಿ ವಿಚಾರಣೆಗೆ ಒಳಪಡಿಸಬೇಕು. ವಿಷಯ ಮುಂದೆ ತೆಲಂಗಾಣ ಹೈಕೋರ್ಟಿಗೆ ಹೋಯಿತು. 2019ರಲ್ಲಿ ಪಟಾಕಿ ಹೊಡೆದವರಲ್ಲಿ ಎಷ್ಟು ಮಂದಿ 2022ರ ಈ ಸುದ್ದಿಯನ್ನು ಪೂರ್ತಿ ಓದಿದರು?

ಪೊಲೀಸರು ಗುಂಡೇ ಹಾರಿಸಬಾರದೆಂದು ನನ್ನ ವಾದವಲ್ಲ. 2025ರ ಅಕ್ಟೋಬರ್ 30ರಂದು ಮುಂಬೈಯ ಪೊವಾಯಿಯ ಸ್ಟುಡಿಯೊ ಒಂದರಲ್ಲಿ ಒಬ್ಬ 17 ಮಕ್ಕಳನ್ನು ಒತ್ತೆಯಿಟ್ಟುಕೊಂಡ. ಪೊಲೀಸರ ಗುಂಡಿಗೆ ಅವನು ಸತ್ತ ಮೇಲೆ, ಅವನ ಕೈಯಲ್ಲಿದ್ದದ್ದು ಏರ್‌ಗನ್ ಎಂದು ತಿಳಿಯಿತು. ಬಾಗಿಲಾಚೆ ಮಕ್ಕಳಿರುವಾಗ ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತ ನಿಲ್ಲಲಾಗದು, ಅದು ಯಾರಿಗಾದರೂ ಅರ್ಥವಾಗುತ್ತದೆ. ಅಂಥ ಹೊತ್ತಿನಲ್ಲಿ ಗುಂಡು ಹಾರಿಸಿದ ಅಧಿಕಾರಿಯ ಮಾತಿಗೆ ತೂಕ ಬೇಕಾದರೆ, ನೂರು ‘ಕಲ್ಲು ತೂರಿದ’ ಕಥೆಗಳ ರಾಶಿಯಲ್ಲಿ ಆ ಮಾತು ಕಲೆತುಹೋಗಬಾರದು.

ನಮ್ಮ ಹೊಳೆಯಾಚೆಗೇ ಬರೋಣ. 2025ರ ಮಾರ್ಚ್ 6ರ ರಾತ್ರಿ, ಗಂಗಾವತಿ ತಾಲ್ಲೂಕಿನ ಸಣಾಪುರದ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ಕೂತಿದ್ದ ಐದು ಮಂದಿಯ ಮೇಲೆ ಬೈಕಿನಲ್ಲಿ ಬಂದ ಮೂವರು ಎರಗಿದರು. ಪೆಟ್ರೋಲಿಗೆ ದುಡ್ಡು ಕೇಳಿದ್ದು ನೆಪ. ಗಂಡಸರನ್ನು ಕಾಲುವೆಗೆ ತಳ್ಳಿ, ಇಸ್ರೇಲಿನ ಪ್ರವಾಸಿ ಮತ್ತು ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ಎಸಗಿದರು. ಒಡಿಶಾದ ಯುವಕನೊಬ್ಬ ನೀರಿನಲ್ಲಿ ಹೆಣವಾದ. ಆ ವಾರ ಹೊಸಪೇಟೆ, ಕಮಲಾಪುರ, ಆನೆಗೊಂದಿ ಎಲ್ಲೆಲ್ಲೂ ಒಂದೇ ಮಾತು: ‘ಎನ್‌ಕೌಂಟರ್ ಮಾಡ್ಬೇಕ್ರಿ’. ಕೆಲವರ ಸಿಟ್ಟಿನಲ್ಲಿ ರದ್ದಾದ ಬುಕಿಂಗುಗಳ ಲೆಕ್ಕವೂ ಸೇರಿತ್ತು, ಅದನ್ನು ಮುಚ್ಚಿಡುವುದು ಬೇಡ.

ಪೊಲೀಸರು ಎನ್‌ಕೌಂಟರ್ ಮಾಡಲಿಲ್ಲ. ಎರಡು ದಿನಗಳಲ್ಲಿ ಇಬ್ಬರನ್ನು ಹಿಡಿದರು, ಮೂರನೆಯವನನ್ನು ತಮಿಳುನಾಡಿನಿಂದ ಎಳೆದು ತಂದರು. ಮೂವರೂ ಜೀವಂತ. ಪ್ರಕರಣ ಗಂಗಾವತಿಯ ನ್ಯಾಯಾಲಯದ ಮೆಟ್ಟಿಲೇರಿತು. ಆ ಹೆಣ್ಣುಮಕ್ಕಳು ಇವರೇ ಎಂದು ಗುರುತು ಹಿಡಿಯಲು ಎದುರಿಗೆ ಮುಖಗಳು ಉಳಿದವು. ಆ ಪೊಲೀಸರಿಗೆ ಯಾರೂ ಹಾರ ಹಾಕಲಿಲ್ಲ. ಫೋನಿನ ಟವರು, ಬೈಕಿನ ನಂಬರು, ರೈಲ್ವೆ ನಿಲ್ದಾಣ ಎಂದು ನಿದ್ದೆಗೆಟ್ಟು ಅಲೆದ ಪೇದೆಯ ಫೋಟೊ ಯಾರ ಸ್ಟೇಟಸ್ಸಿನಲ್ಲೂ ಬರಲಿಲ್ಲ. 1996ರ ‘ಪೊಲೀಸ್ ಸ್ಟೋರಿ’ ಸಿನಿಮಾದಿಂದ ಈಚೆಗೆ ನಮಗೆ ಅದರ ನಾಯಕನಂತೆ ಗುಡುಗುವ ಅಗ್ನಿ ಬೇಕು, ಚಾರ್ಜ್‌ಶೀಟಿನಲ್ಲಿ ಪುಟಸಂಖ್ಯೆ ಸರಿಯಾಗಿ ಹಾಕುವ ರೈಟರ್ ಬೇಡ. ಕೋರ್ಟಿನಲ್ಲಿ ಕೇಸು ಬೀಳುವುದು ಬಹಳ ಸಲ ಆ ಪುಟಸಂಖ್ಯೆಯಲ್ಲೇ.

ಇವನೇ ಅಪರಾಧಿ ಎಂದು ಗೊತ್ತಿದ್ದ ಮೇಲೆ ವಿಚಾರಣೆ ಯಾಕೆ ಎನ್ನುತ್ತಾರೆ. ಗೊತ್ತಾದದ್ದು ಯಾರಿಗೆ? ಹುಬ್ಬಳ್ಳಿಯ ಘಟನೆಯ ಅದೇ ಏಪ್ರಿಲ್ ತಿಂಗಳ ಮೊದಲ ದಿನ ಮಡಿಕೇರಿಯಲ್ಲಿ ಒಬ್ಬ ಹೆಂಗಸು ಕಂಡಳು. ಕುಶಾಲನಗರದ ಕಡೆಯ ಬುಡಕಟ್ಟಿನ ಒಬ್ಬ ಬಡವ ಅವಳನ್ನು, ಅಂದರೆ ತನ್ನ ಹೆಂಡತಿಯನ್ನು, ಕೊಂದ ಆರೋಪದ ಮೇಲೆ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದಿದ್ದ. ದೋಷಾರೋಪ ಪಟ್ಟಿ ಇತ್ತು, ಅಸ್ಥಿಪಂಜರವೂ ಇತ್ತು, ಹೆಂಡತಿ ಮಾತ್ರ ಬದುಕಿದ್ದಳು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಮಹಜರಿಗೆ ಕರೆದೊಯ್ದ ದಿನ ಅವನೂ ಒಂದು ಕಲ್ಲು ‘ತೂರಿದ್ದರೆ’? ಹೆಂಡತಿಯನ್ನು ಕೊಂದ ಪಾಪಿಗೆ ತಕ್ಕ ಶಾಸ್ತಿ ಎಂದು ನಾವೇ ಬರೆಯುತ್ತಿದ್ದೆವು, ಆಕೆ ಮಡಿಕೇರಿಯಲ್ಲಿ ಊಟ ಮಾಡುತ್ತಿದ್ದಳು. ಬೆಳ್ತಂಗಡಿ ತಾಲ್ಲೂಕಿನಲ್ಲಿ 2012ರ ಅಕ್ಟೋಬರಿನಲ್ಲಿ ಕೊಲೆಯಾದ ಹುಡುಗಿಯ ಪ್ರಕರಣದಲ್ಲೂ ಒಬ್ಬ ಸುಲಭದ ಆರೋಪಿ ಸಿಕ್ಕಿದ್ದ. 2023ರ ಜೂನ್ 16ರಂದು ಸಿಬಿಐ ವಿಶೇಷ ನ್ಯಾಯಾಲಯ ಅವನನ್ನು ದೋಷಮುಕ್ತಗೊಳಿಸಿತು. 2012ರಲ್ಲೇ ಅವನಿಗೆ ಗುಂಡು ಬಿದ್ದಿದ್ದರೆ ಅಂದೇ ‘ನ್ಯಾಯ’ ಸಿಕ್ಕಿ ಫೈಲು ಮುಚ್ಚುತ್ತಿತ್ತು. ಹಾಗಾದರೆ ಯಾರು ಎಂದು ಆ ತಾಯಿ ಕೇಳುವುದಕ್ಕೂ ಜಾಗ ಇರುತ್ತಿರಲಿಲ್ಲ.

ಕಂಪ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಗಂಡುಗಲಿ ಕುಮಾರರಾಮನ ಕಥೆ ಗೊತ್ತಿರುವ ಸೀಮೆ ಇದು. ಮಲತಾಯಿ ರತ್ನಾಜಿ ಅವನ ಮೇಲೆ ಮನಸ್ಸಿಟ್ಟಳು, ಅವನು ಒಲ್ಲೆನೆಂದ, ಅವಳು ಕಂಪಿಲರಾಯನ ಮುಂದೆ ಸೀರೆ ಹರಿದುಕೊಂಡು ಸುಳ್ಳು ದೂರಿಟ್ಟಳು. ರಾಯ ಕೇಳಲಿಲ್ಲ, ವಿಚಾರಿಸಲಿಲ್ಲ, ತಲೆ ತರಿಸು ಎಂದ. ಮಂತ್ರಿ ಬೈಚಪ್ಪ ಮಾಡಿದ್ದೇನು? ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಬೇರೊಂದು ತಲೆಯನ್ನು ಅವನದೇ ಎಂದು ತೋರಿಸಿದ. ಆ ಬೇರೊಂದು ತಲೆ ಯಾರದು ಎಂದು ಚಿಕ್ಕಂದಿನಲ್ಲಿ ನಾನು ಅಜ್ಜಿಯನ್ನು ಕೇಳಿದ್ದುಂಟು. ಅವಳು ಉತ್ತರಿಸಲಿಲ್ಲ, ಕಥೆಗೂ ಅದರ ಚಿಂತೆ ಇಲ್ಲ. ವೈರಿಯ ದಂಡು ಕೋಟೆ ಮುತ್ತಿದಾಗ ಮಗನನ್ನು ಕೊಲ್ಲಿಸಿದೆನಲ್ಲ ಎಂದು ರಾಯ ಗೋಳಾಡಿದ. ಆಗ ಬೈಚಪ್ಪ ನೆಲಮಾಳಿಗೆಯ ಬಾಗಿಲು ತೆಗೆದ. ಜೀವ ಉಳಿಸಲು ನಕಲಿ ತಲೆ ತೋರಿಸಿದ ಮಂತ್ರಿಯನ್ನು ಹಾಡಿ ಹೊಗಳುವ ನಾವು, ಜೀವ ತೆಗೆದ ಮೇಲೆ ಇಟ್ಟ ಪಿಸ್ತೂಲನ್ನು ಅಸಲಿ ಎಂದು ಒಪ್ಪಿಕೊಳ್ಳುವಷ್ಟು ಬದಲಾದದ್ದು ಯಾವಾಗ?

ಬಹುಶಃ ಅದಿರಿನ ಕಾಲದಲ್ಲಿ. ಸಂಡೂರಿನಿಂದ ಹೊಸಪೇಟೆಗೆ ಲಾರಿಗಳ ಸಾಲು ಹಗಲಿರುಳು ಹರಿಯುತ್ತಿದ್ದ ವರ್ಷಗಳನ್ನು ನೆನೆಯಿರಿ. ಹೊಲ, ತೆಂಗು, ಗುಡಿಯ ಗೋಪುರ, ಒಣಹಾಕಿದ ಬಟ್ಟೆ ಎಲ್ಲ ಕೆಂಪು. ಪರ್ಮಿಟ್ಟಿನಲ್ಲಿ ಒಂದು ತೂಕ, ಲಾರಿಯಲ್ಲಿ ಇನ್ನೊಂದು. ಚೆಕ್‌ಪೋಸ್ಟಿನವನಿಗೆ ಗೊತ್ತು, ಚಾಲಕನಿಗೆ ಗೊತ್ತು, ಟೀ ಅಂಗಡಿಯವನಿಗೂ ಗೊತ್ತು. ಕಾಗದ ಸುಳ್ಳೆಂದು ಊರಿಗೆಲ್ಲ ಗೊತ್ತಿದ್ದೂ ಯಾರೂ ಮಾತಾಡದ್ದಕ್ಕೆ ಕಾರಣ, ಆ ಸುಳ್ಳಿನಲ್ಲಿ ಎಲ್ಲರಿಗೂ ಒಂದಿಷ್ಟು ಸಂಪಾದನೆ ಇತ್ತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು, ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಜಪ್ತಿ ಮಾಡಿದ ಅದಿರೇ ಬೇಲೆಕೇರಿ ಬಂದರಿನಿಂದ ಮಾಯವಾದದ್ದನ್ನೂ ಕಂಡೆವು. ಎನ್‌ಕೌಂಟರಿನ ಹೇಳಿಕೆಗೂ ಆ ಪರ್ಮಿಟ್ಟಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಬರೆದವನಿಗೂ ಓದಿದವನಿಗೂ ಅದು ಸುಳ್ಳಿರಬಹುದೆಂದು ಗೊತ್ತು, ಆದರೂ ಗಾಡಿ ಮುಂದೆ ಹೋಗುತ್ತದೆ.

ಇದಕ್ಕೆ ಎದುರು, ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ 2024ರ ಆಗಸ್ಟ್ 10ರ ರಾತ್ರಿ. ಬೆಳಗಾಗುವಷ್ಟರಲ್ಲಿ ಊರು ಅಲ್ಲಿತ್ತು. ಚೈನು ಕಡಿದಿದೆ, ಗೇಟಿಲ್ಲ, ನೀರು ನುಗ್ಗುತ್ತಿದೆ. ಹೇಳಿಕೆಗೆ ಕಾಯಬೇಕಾಗಿರಲಿಲ್ಲ, ಹೇಳಿಕೆ ಬಂದಾಗ ಕಣ್ಣಿಗೆ ಕಂಡದ್ದರ ಜೊತೆ ತಾಳೆ ನೋಡಬಹುದಿತ್ತು. ಗುಂಡಿನ ವಿಷಯದಲ್ಲಿ ಜನ ಕೇಳಬೇಕಾದ್ದೂ ಅಷ್ಟೇ: ತಾಳೆ ನೋಡಲು ಒಂದು ಚೈನು.

ಕೋರ್ಟು ತಡ ಎಂಬುದು ನಿಜ. ಸಾಕ್ಷಿಗಳು ತಿರುಗುತ್ತಾರೆ, ವಿಧಿವಿಜ್ಞಾನ ವರದಿ ತಿಂಗಳುಗಟ್ಟಲೆ ಬರುವುದಿಲ್ಲ, ವಕೀಲರು ಮುಂದಿನ ತಾರೀಕು ಕೇಳುತ್ತಾರೆ. ಆದರೆ ಪ್ರತಿ ಎನ್‌ಕೌಂಟರಿನ ಸಂಜೆ ಸರ್ಕಾರ ನಿಟ್ಟುಸಿರು ಬಿಡುವುದೂ ಇದಕ್ಕೇ. ಇನ್ನು ಮೇಲೆ ಲ್ಯಾಬಿಗೆ ದುಡ್ಡು ಯಾಕೆ ಕೊಡಲಿಲ್ಲ, ಕೋರ್ಟಿಗೆ ನ್ಯಾಯಾಧೀಶರು ಯಾಕಿಲ್ಲ, ಮಗು ಕಾಣೆಯಾದಾಗ ಬೀದಿಯಲ್ಲಿ ಗಸ್ತು ಯಾಕಿರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಒಂದು ಗುಂಡು ಎಷ್ಟೊಂದು ಪ್ರಶ್ನೆಗಳಿಗೆ ಬೀಳುತ್ತದೆ!

ಮಿರ್ಚಿ ಬಂಡಿಯವನ ಮಾತು ಅರ್ಧಕ್ಕೆ ಬಿಟ್ಟೆ. ಅದಿರಿನ ಕಾಲದಲ್ಲಿ ಅವನು ಲಾರಿಯ ಕ್ಲೀನರ್ ಆಗಿದ್ದವನು. ಯಾವುದೋ ಕಳವಿನ ಅನುಮಾನದ ಮೇಲೆ ಒಂದು ರಾತ್ರಿ ಮನೆಯಿಂದ ಎಬ್ಬಿಸಿ ಕರೆದೊಯ್ದು ಎರಡು ದಿನ ಠಾಣೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಕಾಗದದಲ್ಲಿ ಮಾತ್ರ ಮೂರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಅನುಮಾನಾಸ್ಪದವಾಗಿ ತಿರುಗುತ್ತಿದ್ದಾಗ ಸಿಕ್ಕಿದ ಎಂದಿತ್ತು. ಇದನ್ನು ಅವನು ನಗುನಗುತ್ತಲೇ ಹೇಳುತ್ತಾನೆ, ಹಿಂದೆಯೂ ಎರಡು ಸಲ ಹೇಳಿದ್ದ.

ಕೆಲವು ದಿನ ಬಿಟ್ಟು, ಗಿರಾಕಿಗಳಿಲ್ಲದ ಹೊತ್ತು ನೋಡಿ ಕೇಳಿದೆ: ‘ನಿನ್ನ ಬಗ್ಗೆ ಬರೆದಿದ್ದು ಸುಳ್ಳು ಅಂತೀಯಲ್ಲ, ಹುಬ್ಬಳ್ಳೀದು ಖರೆ ಅಂತ ಹ್ಯಾಂಗ ಗೊತ್ತಾತು?’

ಅವನು ಜಾಲರಿ ಸೌಟಿನಲ್ಲಿ ಮಿರ್ಚಿ ತಿರುವಿದ. ಮಗ ಬಂಡಿಯ ಕೆಳಗೆ ಕೂತು ಪಿಸ್ತೂಲಿನ ಕಿತ್ತುಹೋದ ಕುದುರೆಗೆ ರಬ್ಬರ್‌ಬ್ಯಾಂಡ್ ಸುತ್ತುತ್ತಿದ್ದ.

‘ಅದು ನಂದು ಬ್ಯಾರೆ ಬಿಡ್ರಿ,’ ಅಂದ. ‘ನಾ ಏನೂ ಮಾಡಿರಲಿಲ್ಲಲ್ರಿ.’